ಲೆಕ್ಕಕ್ಕೆ ಸಿಗದ ಪೊಟರೆ

ಜನವರಿಯಲ್ಲಿ ಸೆಮಿಸ್ಟರ್ ಪರೀಕ್ಷೆ ಮುಗಿಸಿ ಬೆಳಗಾವಿಯಿಂದ ಊರಿಗೆ ಬಂದೆ. ನವಿಲುತೀರ್ಥ ಅಣೆಕಟ್ಟಿನಿಂದ ಸ್ವಲ್ಪ ದೂರದ ಹಳ್ಳಿ ನಮ್ಮದು. ಬಸ್ಸಿನಲ್ಲಿ ಕಂಡಕ್ಟರಿಗೆ ಊರ ಹೆಸರು ಹೇಳುವ ಬದಲು 'ಹುಣಸಿಗಿಡದ ಹಂತ್ಯಾಕ' ಎಂದರೆ ಸಾಕಿತ್ತು, ನಿಲ್ಲಿಸುತ್ತಿದ್ದರು. ಈ ಸಲ ಬಸ್ಸು ಊರು ದಾಟಿ ಮುಂದಕ್ಕೆ ಹೋಗಿಬಿಟ್ಟಿತು. ಹುಣಸೆ ಮರ ಇರಲಿಲ್ಲ. ರಸ್ತೆ ಅಗಲ ಮಾಡಲು ಅದನ್ನು ಕಡಿದಿದ್ದರು. ಹಿಂದಕ್ಕೆ ನಡೆದು ಬಂದಾಗ ರಸ್ತೆ ಬದಿಯಲ್ಲಿ ಉರುಳಿ ಬಿದ್ದ ದಿಮ್ಮಿ ಕಾಣಿಸಿತು. ಅದರ ಮೇಲೆ ಬಿಳಿ ಬಣ್ಣದಲ್ಲಿ ಬರೆದ ನಂಬರು: 143. ನಂಬರಿಗಿಂತ ಒಂದು ಮೊಳ ಮೇಲೆ, ಮುಷ್ಟಿ ಹಿಡಿಯುವಷ್ಟು ಅಗಲದ ಒಂದು ಪೊಟರೆ.

ಸಂಜೆ ಎರಡು ಗಿಳಿ ಬಂದವು. ಮರ ಇದ್ದ ಜಾಗದ ಸುತ್ತ ಕಿರುಚುತ್ತ ಮೂರು ನಾಲ್ಕು ಸುತ್ತು ಹಾರಿ, ಎದುರಿನ ಕರೆಂಟಿನ ತಂತಿಯ ಮೇಲೆ ಕೂತವು. ಮುತ್ಯಾ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. "ನೋಡ ಯವ್ವಾ, ಗಿಣಿ ಮನಿ ಹೋತು" ಎಂದರು. ಪೊಟರೆಯೊಳಗೆ ತತ್ತಿ ಇದ್ದವಾ ಎಂದು ಕೇಳುವ ಧೈರ್ಯ ನನಗೆ ಆಗಲಿಲ್ಲ.

ಆ ನಂಬರು ನನ್ನನ್ನು ಕಾಡುವುದಕ್ಕೆ ಇನ್ನೊಂದು ಕಾರಣವಿದೆ. ನಾನು ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ. ಕಳೆದ ಬೇಸಿಗೆಯಲ್ಲಿ ಇಂಟರ್ನ್‌ಷಿಪ್‌ಗೆ ಹೋದಾಗ ಬೇರೊಂದು ರಸ್ತೆಯ ಅಂದಾಜು ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಕೊಟ್ಟಿದ್ದರು. ಅದರಲ್ಲಿ ಕಡಿಯಬೇಕಾದ ಮರಗಳ ಪಟ್ಟಿಯೂ ಇತ್ತು. ಸುತ್ತಳತೆ 30ರಿಂದ 60 ಸೆಂಟಿಮೀಟರ್ ಇರುವವು ಇಷ್ಟು, 60ರಿಂದ 90 ಇರುವವು ಇಷ್ಟು, 90ರಿಂದ 180, ಅದಕ್ಕೂ ದಪ್ಪದವು ಇಷ್ಟು. ಬೇರು ಸಮೇತ ತೆಗೆದು ಸಾಗಿಸಲು ಒಂದೊಂದಕ್ಕೆ ಇಂತಿಷ್ಟು ದರ. ಒಂದೂ ತಪ್ಪಿಲ್ಲದೆ ಟೈಪ್ ಮಾಡಿದೆ ಎಂದು ಮೆಚ್ಚುಗೆಯೂ ಸಿಕ್ಕಿತು. ಆ ಸಾಲುಗಳಲ್ಲಿ ಎಷ್ಟು ಮರಗಳಿಗೆ ಪೊಟರೆ ಇತ್ತೆಂದು ನನಗೆ ಗೊತ್ತಿಲ್ಲ. ಅದನ್ನು ಬರೆಯುವ ಕಾಲಂ ಪಟ್ಟಿಯಲ್ಲಿ ಇರಲಿಲ್ಲ.

ಈ ಬರಹ ಆ ಇಲ್ಲದ ಕಾಲಂ ಬಗ್ಗೆ.

ಒಂದು ನದಿ, ಹಲವು ಕಾಡು

ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಅಲ್ಲಿ ಪಶ್ಚಿಮ ಘಟ್ಟದ ದಟ್ಟ ಕಾಡಿದೆ. ಪಕ್ಕದಲ್ಲೇ 2011ರಲ್ಲಿ ಘೋಷಣೆಯಾದ ಭೀಮಗಡ ವನ್ಯಜೀವಿ ಧಾಮ. ನದಿ ಖಾನಾಪುರ, ಎಂ.ಕೆ. ಹುಬ್ಬಳ್ಳಿ ದಾಟಿ ಬರುತ್ತ ಬರುತ್ತ ಕಾಡು ತೆಳುವಾಗುತ್ತದೆ. ಕಿತ್ತೂರಿನ ಕಡೆ ಕಾಡು ತುಂಡು ತುಂಡಾಗಿ ಉಳಿದಿದೆ, ನಡುನಡುವೆ ಹೊಲ, ಊರು, ಹೆದ್ದಾರಿ. ಬೈಲಹೊಂಗಲ ದಾಟಿದರೆ ಎರೆ ಹೊಲದ ಸಮುದ್ರ. ನವಿಲುತೀರ್ಥದಲ್ಲಿ ನದಿ ಗುಡ್ಡ ಸೀಳಿಕೊಂಡು ಹೊರಟಲ್ಲಿ ಅಣೆಕಟ್ಟು ಕಟ್ಟಿದ್ದಾರೆ. ಹಿಂದೆ ರೇಣುಕಾ ಸಾಗರ, ಸುತ್ತ ಕುರುಚಲು ಗುಡ್ಡ. ಮುಂದೆ ಮುನವಳ್ಳಿ, ರಾಮದುರ್ಗ. ಅಲ್ಲಿ 'ಕಾಡು' ಎಂದರೆ ದೇವಸ್ಥಾನದ ಹಿಂದಿನ ನಾಲ್ಕು ಮರ, ಹಳ್ಳದ ದಂಡೆ, ರಸ್ತೆ ಬದಿಯ ಸಾಲುಮರ, ಅಷ್ಟೇ.

ಈ ಒಂದೇ ನದಿಯ ಉದ್ದಕ್ಕೂ ಗಿಳಿಗಳೂ ಬದಲಾಗುತ್ತವೆ. ಮೇಲೆ ಘಟ್ಟದ ಕಾಡಿನಲ್ಲಿ ನೀಲಿ ರೆಕ್ಕೆಯ ಗಿಳಿ ಇದೆ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ ಅದು. ಕಿತ್ತೂರು–ಧಾರವಾಡದ ಕಾಡಂಚಿನಲ್ಲಿ ಕೆಂದಲೆ ಗಿಳಿ, ಗಂಡಿನ ತಲೆ ಮಾಗಿದ ನೇರಳೆ ಹಣ್ಣಿಗೆ ಕೆಂಪು ಬೆರೆಸಿದ ಹಾಗೆ. ಬಯಲಿಗೆ ಇಳಿದರೆ ನಮ್ಮೆಲ್ಲರಿಗೂ ಗೊತ್ತಿರುವ ಗಿಳಿ, ಗಂಡಿನ ಕೊರಳಿಗೆ ಕಪ್ಪು-ಗುಲಾಬಿ ಪಟ್ಟಿ ಇರುವುದು. ದೇಶದ ಬೇರೆ ಭಾಗಗಳಲ್ಲಿ ಭುಜದ ಮೇಲೆ ಕೆಂಪು ಮಚ್ಚೆಯ ಇನ್ನೊಂದು ದೊಡ್ಡ ಗಿಳಿ ಇದೆ. ಪಂಜರದ ವ್ಯಾಪಾರಕ್ಕೆ ಮರಿಗಳನ್ನು ಹಿಡಿದೂ ಹಿಡಿದೂ, ಗೂಡಿನ ಮರಗಳನ್ನು ಕಡಿದೂ ಕಡಿದೂ ಅದು ಈಗ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ 'ಅಪಾಯಕ್ಕೆ ಸಮೀಪ' ಎಂಬ ಗುಂಪಿಗೆ ಸೇರಿದೆ.

ನಮ್ಮೂರಿನ ಗಿಳಿ ಅಳಿವಿನಂಚಿನಲ್ಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲೂ ಇದೆ, ಲಂಡನ್ನಿನಲ್ಲೂ ಇದೆ. ಆದರೆ ಈ ಎಲ್ಲ ಗಿಳಿಗಳಿಗೂ ಸಮಾನವಾದ ಒಂದು ಅಗತ್ಯವಿದೆ. ಅದು ಇಲ್ಲದಿದ್ದರೆ ಉಳಿದ ಸೌಕರ್ಯ ಎಷ್ಟಿದ್ದರೂ ಅವುಗಳ ಸಂತಾನ ಮುಂದುವರಿಯುವುದಿಲ್ಲ. ಸಾಮಾನ್ಯ ಗಿಳಿಯನ್ನು ನೋಡಿಯೇ ಅಪರೂಪದ ಗಿಳಿಯ ಕಷ್ಟವನ್ನು ಅರ್ಥ ಮಾಡಿಕೊಳ್ಳಬಹುದು.

ಮನೆಯ ಕೋಣೆಗಳು

ಕಾಡು ತುಂಡಾದರೆ ಹಕ್ಕಿಗಳೆಲ್ಲ ಹೋಗಿಬಿಡುತ್ತವೆ ಎಂದು ನಾನು ತಿಳಿದಿದ್ದೆ. ಗಿಳಿಯ ವಿಷಯದಲ್ಲಿ ಹಾಗಲ್ಲ. ಗಿಳಿಗೆ ಬಲವಾದ ರೆಕ್ಕೆಯಿದೆ. ರಾತ್ರಿ ಮಲಗಲು ಒಂದು ಕಡೆ, ಬೆಳಗ್ಗೆ ತಿನ್ನಲು ಇನ್ನೊಂದು ಕಡೆ, ದಿನವೂ ಹಲವು ಕಿಲೋಮೀಟರ್ ಹಾರಿಹೋಗುತ್ತದೆ. ಹಾಗಾಗಿ ಅದು ಒಂದೇ ಕಾಡಿನಲ್ಲಿ ಪೂರ್ತಿ ಬದುಕು ಮಾಡಬೇಕಿಲ್ಲ. ಇಲ್ಲೊಂದು ತುಂಡು, ಅಲ್ಲೊಂದು ತುಂಡು ಸೇರಿಸಿ ತನ್ನ ಮನೆ ಕಟ್ಟಿಕೊಳ್ಳುತ್ತದೆ.

ನಮ್ಮ ಹಳ್ಳಿ ಮನೆಗಳನ್ನೇ ನೆನೆಯಿರಿ. ಅಡುಗೆಮನೆ ಒಂದು ಕಡೆ, ಪಡಸಾಲೆ ಒಂದು ಕಡೆ, ಬಾಣಂತಿ ಕೋಣೆ ಒಳಗೆ ಕತ್ತಲಲ್ಲಿ. ಗಿಳಿಗೂ ಅಷ್ಟೇ. ಆಲ, ಅರಳಿ, ಅತ್ತಿಯ ಹಣ್ಣು, ಬೇವಿನ ಬೀಜ, ಜೋಳದ ತೆನೆ, ಸೂರ್ಯಕಾಂತಿ, ಮೆಕ್ಕೆಜೋಳ ಅದರ ಅಡುಗೆಮನೆ. ಊರಾಚೆಯ ಯಾವುದೋ ದೊಡ್ಡ ಆಲದ ಮರ ಅದರ ಪಡಸಾಲೆ. ಸಂಜೆ ನೂರಾರು ಗಿಳಿ ಅಲ್ಲಿ ಸೇರಿ ಮಾಡುವ ಗದ್ದಲ ಸಂತೆಯಂತೆಯೇ ಇರುತ್ತದೆ. ಹಳೆಯ ಮರದ ಪೊಟರೆ ಅದರ ಬಾಣಂತಿ ಕೋಣೆ.

ನೀರಾವರಿ ಬಂದ ಮೇಲೆ ನಮ್ಮ ಕಡೆ ಅಡುಗೆಮನೆ ಸಣ್ಣದಾಗಿಲ್ಲ. ಕಾಲುವೆಯ ಕೆಳಗೆ ಮೆಕ್ಕೆಜೋಳ ಬಂತು, ಸೂರ್ಯಕಾಂತಿ ಬಂತು. ಪಡಸಾಲೆಗೂ ಅಲ್ಲೊಂದು ಇಲ್ಲೊಂದು ಮರ ಸಿಗುತ್ತದೆ. ಕಡಿಮೆಯಾಗುತ್ತಿರುವುದು ಬಾಣಂತಿ ಕೋಣೆ. ಹೊಲದಲ್ಲಿ ಗಿಳಿಯ ಹಿಂಡು ಕಂಡಾಗ 'ಎಲ್ಲಿ ಕಡಿಮೆಯಾಗ್ಯಾವ, ಕಾಳು ಉಳಸವಲ್ವು' ಎಂದು ನಾವು ಹೇಳುತ್ತೇವೆ. ಗಿಳಿ ಬಹಳ ವರ್ಷ ಬದುಕುವ ಹಕ್ಕಿ. ಮರಿ ಮಾಡಲು ಜಾಗವಿಲ್ಲದಿದ್ದರೂ ಮುದಿ ಗಿಳಿಗಳ ಹಿಂಡು ಕೆಲವು ವರ್ಷ ಹಾಗೇ ಕಾಣಿಸುತ್ತಿರುತ್ತದೆ. ಶಾಲೆ ಮುಚ್ಚಿದ ಊರಿನಲ್ಲಿ ಜನ ಇಲ್ಲವೆಂದು ಮೊದಲ ವರ್ಷವೇ ಗೊತ್ತಾಗುವುದಿಲ್ಲ, ಇದೂ ಹಾಗೆ.

ಪೊಟರೆ ಹುಟ್ಟುವ ಬಗೆ

ಗಿಳಿ ತಾನಾಗಿ ಗಟ್ಟಿ ಮರ ಕೊರೆಯುವ ಹಕ್ಕಿ ಅಲ್ಲ. ಮರಕುಟಿಗ ಅಥವಾ ಕುಟ್ರು ಹಕ್ಕಿ ಕೊರೆದು ಬಿಟ್ಟ ತೂತನ್ನು, ಇಲ್ಲವೇ ಕೊಂಬೆ ಮುರಿದು ಕೊಳೆತು ಆದ ಗುಳಿಯನ್ನು ಕೊಕ್ಕಿನಿಂದ ಕೆರೆದು ಅಗಲ ಮಾಡಿಕೊಳ್ಳುತ್ತದೆ. ಅಂದರೆ ಮೊದಲು ಮರ ದಪ್ಪವಾಗಬೇಕು. ನಂತರ ಒಂದು ಕೊಂಬೆ ಸಿಡಿಲಿಗೋ ಗಾಳಿಗೋ ಮುರಿಯಬೇಕು. ಗಾಯದೊಳಗೆ ನೀರು ಇಳಿದು ಶಿಲೀಂಧ್ರ ಹುಟ್ಟಿ ಒಳಗಿನ ಕಟ್ಟಿಗೆ ಮೆತ್ತಗಾಗಬೇಕು. ಆಮೇಲೆ ಮರಕುಟಿಗ ಬರಬೇಕು, ತನ್ನ ಮರಿ ಮಾಡಿ ಜಾಗ ಬಿಡಬೇಕು. ಇಷ್ಟಕ್ಕೆ ಹಲವು ದಶಕ ಬೇಕು. ನಮ್ಮ ಹುಣಸೆ ಮರವನ್ನು ಯಾರು ನೆಟ್ಟರೆಂದು ಮುತ್ಯಾನಿಗೂ ಗೊತ್ತಿಲ್ಲ. ಅವರು ಸಣ್ಣವರಿದ್ದಾಗಲೇ ಅದು ಅಷ್ಟೇ ದೊಡ್ಡದಿತ್ತಂತೆ.

ಇಂಥ ಪೊಟರೆಗೆ ಪೈಪೋಟಿಯೂ ಜೋರು. ಮೈನಾ, ಹಾಲಕ್ಕಿ ಗೂಬೆ, ನೀಲಕಂಠ, ಚುಂಚು ಉದ್ದದ ಮಂಗಟ್ಟೆ, ಅಳಿಲು, ಜೇನು ಎಲ್ಲವೂ ಅದನ್ನೇ ಹುಡುಕುತ್ತವೆ. ಗಿಳಿ ಸಾಮಾನ್ಯವಾಗಿ ಮೂರರಿಂದ ಐದು ತತ್ತಿ ಇಡುತ್ತದೆ. ಮೂರು ವಾರಕ್ಕೂ ಹೆಚ್ಚು ಕಾವು, ಆಮೇಲೆ ಮರಿ ಹಾರಲು ಸುಮಾರು ಏಳು ವಾರ. ಹೀಗೆ ಎರಡು ತಿಂಗಳಿಗೂ ಮೀರಿ ಆ ಕೋಣೆ ಖಾಲಿ ಇರುವುದಿಲ್ಲ. ನಮ್ಮ ಕಡೆ ಇದು ಹೆಚ್ಚಾಗಿ ಜನವರಿಯಿಂದ ಏಪ್ರಿಲ್ ಒಳಗೆ ನಡೆಯುತ್ತದೆ.

ರಸ್ತೆ ಕೆಲಸಗಳಿಗೂ ಅದೇ ಸುಗ್ಗಿಯ ಕಾಲ. ಮಳೆ ಇರುವುದಿಲ್ಲ, ಎರೆ ಮಣ್ಣು ಗಟ್ಟಿಯಿರುತ್ತದೆ, ಮಾರ್ಚ್ ಮುಗಿಯುವುದರೊಳಗೆ ಬಿಲ್ ಆಗಬೇಕು. ಹಣಕಾಸು ವರ್ಷದ ಕೊನೆ ಮತ್ತು ಗಿಳಿಯ ಬಾಣಂತನ ಒಟ್ಟಿಗೇ ಬರುತ್ತವೆ. ಇದನ್ನು ಯಾರೂ ಬೇಕೆಂದು ಮಾಡಿಲ್ಲ. ಯಾರೂ ನೋಡಿಯೂ ಇಲ್ಲ.

ದೂರದ ದೇಶಗಳ ಪಾಠ

ಜಗತ್ತಿನ ಗಿಳಿಗಳ ಸ್ಥಿತಿಯನ್ನು ಒಟ್ಟಾಗಿ ಪರಿಶೀಲಿಸಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ 398 ಪ್ರಭೇದಗಳಲ್ಲಿ 111 ಅಪಾಯದಲ್ಲಿವೆ. ಹಕ್ಕಿಗಳ ದೊಡ್ಡ ಗುಂಪುಗಳಲ್ಲಿ ಇಷ್ಟು ಕಷ್ಟದಲ್ಲಿರುವವು ಕಡಿಮೆ. ಕಾಡು ಹೋದದ್ದು, ಪಂಜರಕ್ಕೆ ಹಿಡಿದದ್ದು ಎರಡೂ ಕಾರಣ. ಈ ಎರಡೂ ಕೂಡುವ ಜಾಗವೇ ಪೊಟರೆ. ಮರಿ ಕದಿಯುವವನಿಗೆ ಬೇಕಾದ್ದೂ ಅದೇ, ಮರ ಕಡಿಯುವವನಿಗೆ ಕಾಣದ್ದೂ ಅದೇ.

ಮಧ್ಯ ಅಮೆರಿಕದ ಕೋಸ್ಟರಿಕಾ, ನಿಕರಾಗುವಾ ಕಡೆ ಕತ್ತಿನ ಹಿಂದೆ ಹಳದಿ ಗುರುತಿರುವ ಒಂದು ಗಿಳಿ ಇದೆ. ಅದೀಗ ತೀವ್ರ ಅಪಾಯದಲ್ಲಿರುವ ಪ್ರಭೇದ. ಅಲ್ಲಿ ಕಾಡು ಕಡಿದು ದನ ಮೇಯಿಸುವ ಹುಲ್ಲುಗಾವಲು ಮಾಡಿದ್ದಾರೆ. ಆದರೂ ಹುಲ್ಲುಗಾವಲಿನ ನಡುವೆ ನೆರಳಿಗೆಂದು ರೈತರು ಬಿಟ್ಟ ಒಂಟಿ ಮರಗಳಲ್ಲಿ ಆ ಗಿಳಿ ಗೂಡು ಮಾಡುತ್ತದೆ. ನಕ್ಷೆಯಲ್ಲಿ ಕಾಡೆಂದು ತೋರದ ಜಾಗ ಅದರ ಪಾಲಿಗೆ ಇನ್ನೂ ಕಾಡು, ಆ ಒಂಟಿ ಮರ ನಿಂತಿರುವವರೆಗೆ.

ಬ್ರೆಜಿಲ್‌ನ ಪಾಂಟನಾಲ್ ಜೌಗು ಪ್ರದೇಶದಲ್ಲಿ ಕಡುನೀಲಿ ಬಣ್ಣದ ದೊಡ್ಡ ಮಕಾವ್ ಗಿಳಿ ಇದೆ. ಅದರ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಗೂಡು ಇರುವುದು ಒಂದೇ ಜಾತಿಯ ಮರದಲ್ಲಿ. ಆ ಮರಕ್ಕೆ ಅರವತ್ತು ವರ್ಷವಾದರೂ ಆಗದೆ ಮಕಾವ್ ಹಿಡಿಸುವಷ್ಟು ದೊಡ್ಡ ಪೊಟರೆ ಆಗುವುದಿಲ್ಲ. ನೇವಾ ಗೇಡೆಸ್ ಎಂಬ ವಿಜ್ಞಾನಿ 1990ರಿಂದ ಅಲ್ಲಿ ಗೂಡಿನ ಮರಗಳನ್ನು ಒಂದೊಂದಾಗಿ ಗುರುತಿಸಿ, ದನದ ಫಾರ್ಮುಗಳ ಮಾಲೀಕರನ್ನು ಒಪ್ಪಿಸಿ, ಮರದ ಪೆಟ್ಟಿಗೆಗಳನ್ನೂ ಕಟ್ಟಿದರು. ಮಕಾವ್ ಸಂಖ್ಯೆ ಚೇತರಿಸಿತು. ಗೂಡಿನ ಮರ ಹೆಚ್ಚಾಗಿ ಖಾಸಗಿ ಜಮೀನಿನಲ್ಲಿತ್ತು. ಹಾಗಾಗಿ ಉಳಿಸಿದ್ದು ಕಾಯ್ದೆಗಿಂತ ಹೆಚ್ಚಾಗಿ ಆ ಜಮೀನಿನ ಜನ.

ಮಾರಿಷಸ್‌ನ ಕಥೆ ನಮಗೆ ಇನ್ನೂ ಹತ್ತಿರದ್ದು. ಅಲ್ಲಿಯ ಎಕೋ ಗಿಳಿ ನಮ್ಮ ಊರಿನ ಗಿಳಿಯ ದಾಯಾದಿ, ನೋಡಲೂ ಹಾಗೆಯೇ. ದ್ವೀಪದ ಕಾಡು ಕಬ್ಬಿಗೆ, ಚಹಾಕ್ಕೆ ಹೋಗಿ 1980ರ ದಶಕದಲ್ಲಿ ಕಾಡಿನಲ್ಲಿ ಉಳಿದದ್ದು ಸುಮಾರು ಹತ್ತು ಹಕ್ಕಿ. ಹಳೆಯ ಮರಗಳಿಲ್ಲ, ಪೊಟರೆಯಿಲ್ಲ. ಉಳಿದ ಪೊಟರೆಗಳಿಗೆ ಪೈಪೋಟಿ ಕೊಟ್ಟವರಲ್ಲಿ ಹೊರಗಿನಿಂದ ತಂದು ಬಿಟ್ಟ ನಮ್ಮದೇ ಸಾಮಾನ್ಯ ಗಿಳಿಯೂ ಇತ್ತು! ವಿಜ್ಞಾನಿಗಳು ಗೂಡಿನ ಪೆಟ್ಟಿಗೆ ಕಟ್ಟಿ, ಮರಿ ಸಾಕಿ, ಹೆಚ್ಚುವರಿ ಆಹಾರ ಕೊಟ್ಟು ಆ ಸಂಖ್ಯೆಯನ್ನು ನೂರಾರಕ್ಕೆ ಏರಿಸಿದರು. 2019ರಲ್ಲಿ ಅದನ್ನು ಅಪಾಯದ ಪಟ್ಟಿಯಲ್ಲಿ ಒಂದು ಮೆಟ್ಟಿಲು ಕೆಳಗಿಳಿಸಲಾಯಿತು. ಸಂತೋಷದ ಸುದ್ದಿ. ಆದರೆ ಮರ ಪುಕ್ಕಟೆ ಕೊಡುತ್ತಿದ್ದ ಒಂದು ತೂತನ್ನು ಮನುಷ್ಯ ಪೆಟ್ಟಿಗೆ ಕಟ್ಟಿ, ವರ್ಷವರ್ಷ ತೊಳೆದು, ಕಾವಲು ಕಾಯ್ದು ಕೊಡಬೇಕಾಯಿತು. ನಾವು ಅಲ್ಲಿಗೆ ಹೋಗುವ ಮೊದಲೇ ನಿಲ್ಲಬಹುದಲ್ಲ?

ಮಾತಾಡದ ಎರಡು ಕಾಯ್ದೆಗಳು

ನಮ್ಮಲ್ಲಿ ಕಾನೂನಿಗೆ ಕೊರತೆಯಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರದ್ದು. ದೇಶದ ಗಿಳಿಗಳನ್ನು ಹಿಡಿದು ಮಾರುವುದು 1990ರ ದಶಕದ ಆರಂಭದಿಂದಲೇ ನಿಷಿದ್ಧ. 2022ರ ತಿದ್ದುಪಡಿಯ ನಂತರ ನಮ್ಮ ಸಾಮಾನ್ಯ ಗಿಳಿ ಕಾಯ್ದೆಯ ಎರಡನೇ ಅನುಸೂಚಿಯಲ್ಲಿದೆ. ಆಶ್ಚರ್ಯವೆಂದರೆ, ಆ ಕಾಯ್ದೆಯಲ್ಲಿ 'ಬೇಟೆ' ಎಂಬ ಪದದ ಅರ್ಥದೊಳಗೆ ಕೊಲ್ಲುವುದು, ಹಿಡಿಯುವುದು ಮಾತ್ರವಲ್ಲ, ಕಾಡುಹಕ್ಕಿಯ ತತ್ತಿ ಹಾಳು ಮಾಡುವುದು, ಗೂಡಿಗೆ ತೊಂದರೆ ಕೊಡುವುದೂ ಸೇರಿದೆ. ಜಾತ್ರೆಯಲ್ಲಿ ಗಿಣಿಶಾಸ್ತ್ರ ಹೇಳುವವನ ಪಂಜರ ಕಾನೂನಿಗೆ ಕಾಣುತ್ತದೆ. ಗೂಡಿರುವ ಮರಕ್ಕೆ ಹಾಕುವ ಗರಗಸ ಕಾಣುವುದಿಲ್ಲ.

ಮರಕ್ಕೆ ಬೇರೆ ಕಾಯ್ದೆ ಇದೆ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರದ್ದು. ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು, ಬದಲಿಗೆ ಸಸಿ ನೆಡಬೇಕು. ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಹೆಚ್ಚು ಮರ ಕಡಿಯುವುದಿದ್ದರೆ ಜನರ ಆಕ್ಷೇಪಣೆ ಕರೆಯಬೇಕು. ಒಳ್ಳೆಯ ಕಾಯ್ದೆಯೇ. ಆದರೆ ಅದರ ಕಣ್ಣಿಗೆ ಮರವೆಂದರೆ ಒಂದು ಸಂಖ್ಯೆ. ಒಂದಕ್ಕೆ ಎರಡು ಸಸಿ ನೆಟ್ಟರೆ ಲೆಕ್ಕ ಸರಿ, ಹತ್ತು ನೆಟ್ಟರೆ ಲಾಭ. ಹತ್ತು ಸಸಿಗಳಲ್ಲಿ ಒಂದಕ್ಕೂ ಇನ್ನು ಐವತ್ತು ವರ್ಷ ಪೊಟರೆ ಇರುವುದಿಲ್ಲ ಎಂಬುದು ಆ ಲೆಕ್ಕದಲ್ಲಿ ಇಲ್ಲ. ಒಬ್ಬ ಅಜ್ಜನಿಗೆ ಬದಲಾಗಿ ಹತ್ತು ಕೂಸುಗಳನ್ನು ಕೊಟ್ಟು, ಮನೆಯ ಹಳೆಯ ಜಗಳ ಬಗೆಹರಿಸಿರಿ ಎಂದ ಹಾಗೆ.

ಕಾಡಿನ ತುಂಡುಗಳ ವಿಷಯದಲ್ಲೂ ಇದೇ ಆಗಿದೆ. ಕಂದಾಯ ಭೂಮಿಯಲ್ಲಿದ್ದರೂ ಕಾಡಿನ ಗುಣವಿರುವ ಜಾಗವನ್ನು ಡೀಮ್ಡ್ ಅಥವಾ ಪರಿಭಾವಿತ ಅರಣ್ಯ ಎನ್ನುತ್ತಾರೆ. 1996ರ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅರಣ್ಯ ಎಂಬ ಪದಕ್ಕೆ ವಿಶಾಲ ಅರ್ಥ ಕೊಟ್ಟ ಮೇಲೆ ಬಂದ ವರ್ಗ ಇದು. ನಮ್ಮ ರಾಜ್ಯದಲ್ಲಿ ಮೊದಲು 9.94 ಲಕ್ಷ ಹೆಕ್ಟೇರ್ ಎಂದು ಗುರುತಿಸಿದ್ದನ್ನು 2022ರಲ್ಲಿ ಸುಮಾರು 3.30 ಲಕ್ಷ ಹೆಕ್ಟೇರ್‌ಗೆ ಇಳಿಸಲಾಯಿತು. ಆ ಪಟ್ಟಿಯಲ್ಲಿ ಜನರ ಮನೆ, ಹೊಲ, ಶಾಲೆಗಳೂ ಸೇರಿಹೋಗಿದ್ದವು, ಅವುಗಳನ್ನು ಬಿಡಿಸುವುದು ನ್ಯಾಯವೇ. ಆದರೆ ಪಟ್ಟಿಯಿಂದ ಹೊರಬಿದ್ದದ್ದರಲ್ಲಿ ಗಿಳಿಯ ಮನೆಯ ಒಂದೊಂದು ಕೋಣೆಯಾಗಿದ್ದ ಸಣ್ಣ ಸಣ್ಣ ತುಂಡುಗಳು ಎಷ್ಟು ಎಂದು ಕೇಳಿದವರು ಕಡಿಮೆ.

ಈಗ ನದಿಯ ಮೂಲದ ಮಾತು ಬರಲೇಬೇಕು. ಕಳಸಾ–ಬಂಡೂರಿ ನಮ್ಮ ಭಾಗದ ದೊಡ್ಡ ಹೋರಾಟ. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಕರ್ನಾಟಕಕ್ಕೆ ಕೊಟ್ಟ 13.42 ಟಿಎಂಸಿ ನೀರಿನಲ್ಲಿ 3.9 ಟಿಎಂಸಿ ಈ ಎರಡು ಹಳ್ಳಗಳಿಂದ ಮಲಪ್ರಭೆಗೆ ತಿರುಗಿಸಲು. ನವಿಲುತೀರ್ಥದ ಜಲಾಶಯದಿಂದ ಹುಬ್ಬಳ್ಳಿ–ಧಾರವಾಡಕ್ಕೆ ಕುಡಿಯುವ ನೀರು ಹೋಗುತ್ತದೆ. 37.73 ಟಿಎಂಸಿ ಸಾಮರ್ಥ್ಯದ ಜಲಾಶಯ ಬರಗಾಲದಲ್ಲಿ ತಳ ಕಾಣುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ನೀರು ಬೇಡ ಎನ್ನುವ ಬಾಯಿ ನನಗಿಲ್ಲ. ನನ್ನ ಪ್ರಶ್ನೆ ಚಿಕ್ಕದು: ಅಲ್ಲಿ ಕಾಲುವೆಗೋ ಪೈಪಿಗೋ ಮರ ತೆಗೆಯಬೇಕಾಗಿ ಬಂದರೆ, ಆ ಕಡತದಲ್ಲೂ ಮರಗಳು ಸುತ್ತಳತೆಯ ಸಾಲುಗಳಾಗಿ ಮಾತ್ರ ಬರುತ್ತವೆಯೇ? ನೀಲಿ ರೆಕ್ಕೆಯ ಗಿಳಿಗೆ ಘಟ್ಟ ಬಿಟ್ಟು ಇಳಿದುಬರಲು ಬೇರೆ ಊರಿಲ್ಲ.

ಎದುರು ಮಾತು

ಇದನ್ನು ಹಾಸ್ಟೆಲ್ಲಿನಲ್ಲಿ ಹೇಳಿದಾಗ ಗೆಳತಿಯರು ಸುಮ್ಮನೆ ಕೇಳಲಿಲ್ಲ. 'ರಸ್ತೆ ಅಗಲ ಇಲ್ಲದೆ ಆ್ಯಂಬುಲೆನ್ಸ್ ಸಿಕ್ಕಿಹಾಕಿಕೊಂಡರೆ?' ಎಂದು ಒಬ್ಬಳು ಕೇಳಿದಳು. ಸರಿಯಾದ ಮಾತು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಬರುವ ಲಕ್ಷಾಂತರ ಜನರನ್ನು ನೋಡಿದವರಿಗೆ ಸವದತ್ತಿ ಸುತ್ತಲಿನ ರಸ್ತೆ ಸಾಲದು ಎಂಬುದು ಗೊತ್ತು. ಆದರೆ ಅದೇ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಬರುವವರು ಎತ್ತು ಬಿಚ್ಚಿ ಬುತ್ತಿ ಉಣ್ಣುವುದು ಇದೇ ಹಳೆಯ ಮರಗಳ ಕೆಳಗೆ. ನೆರಳು ಕೂಡ ರಸ್ತೆಯ ಒಂದು ಸೌಲಭ್ಯ.

ಇನ್ನೊಬ್ಬಳು ರಾಮದುರ್ಗದ ಕಡೆಯ ರೈತರ ಮನೆಯವಳು. 'ನಿಮಗೆ ಗಿಳಿ ಚಂದ, ನಮ್ಮಪ್ಪನ ಸೂರ್ಯಕಾಂತಿ ನೋಡು ಬಾ' ಎಂದಳು. ಇದೂ ನಿಜ. ಗಿಳಿ ತಿನ್ನುವುದಕ್ಕಿಂತ ಚೆಲ್ಲುವುದೇ ಹೆಚ್ಚು. ನಮ್ಮ ಮುತ್ಯಾ ಜೋಳದ ಹೊಲದಲ್ಲಿ ಅಟ್ಟಣಿಗೆ ಕಟ್ಟಿ, ಕವಣೆಯಲ್ಲಿ ಕಲ್ಲಿಟ್ಟು ಬೀಸಿ ಗಿಳಿ ಓಡಿಸಿದವರೇ. ಅವರನ್ನೇ ಕೇಳಿದೆ, ಇಷ್ಟು ಸಿಟ್ಟಿದ್ದರೆ ಹುಣಸೆ ಮರ ಹೋದದ್ದಕ್ಕೆ ಯಾಕೆ ಬೇಜಾರು ಎಂದು. ಅವರೆಂದರು: "ಹೊಲದಾಗಿಂದ ಓಡಸ್ತಿದ್ವಿ ಯವ್ವಾ. ಅದರ ಮನಿ ಮುರೀತಿರಲಿಲ್ಲ."

ರೈತನ ನಷ್ಟಕ್ಕೆ ಪರಿಹಾರ ಬೇಕು, ಬಲೆ, ಬಿತ್ತನೆ ಒಟ್ಟಿಗೆ ಮಾಡುವಂಥ ಉಪಾಯ ಬೇಕು. ಆ ಜಗಳ ಹೊಲದಲ್ಲಿ ಬಗೆಹರಿಯಬೇಕಾದ್ದು. ಬಾಣಂತಿ ಕೋಣೆಯ ಬಾಗಿಲು ಮುಚ್ಚುವುದು ಅದಕ್ಕೆ ಉತ್ತರವಲ್ಲ, ಯಾಕೆಂದರೆ ಆ ಬಾಗಿಲು ಮುಚ್ಚಿದರೆ ಹುಳ ತಿನ್ನುವ ಮೈನಾ, ಇಲಿ ಹಿಡಿಯುವ ಹಾಲಕ್ಕಿ ಕೂಡ ಹೊರಗೇ ಉಳಿಯುತ್ತವೆ.

ಒಂದು ಕಾಲಂ

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ರಸ್ತೆಯ ಅಂದಾಜು ಪಟ್ಟಿಯಲ್ಲಿ, ಮರದ ಜಾತಿ ಮತ್ತು ಸುತ್ತಳತೆಯ ಪಕ್ಕ, ಇನ್ನೊಂದು ಕಾಲಂ ಇರಲಿ: 'ಪೊಟರೆ ಇದೆಯೇ?' ಮರಕ್ಕೆ ನಂಬರು ಬರೆಯುವವರು ಹೇಗೂ ಪ್ರತಿ ಮರದ ಹತ್ತಿರ ಹೋಗುತ್ತಾರೆ. ಕತ್ತೆತ್ತಿ ನೋಡಲು ಒಂದು ನಿಮಿಷ ಸಾಕು.

ಆ ಕಾಲಂ ತುಂಬಿದರೆ ಮೂರು ಕೆಲಸ ಸಾಧ್ಯ. ಮೊದಲನೆಯದು, ಪೊಟರೆಯ ಮರಗಳು ಒಂದೇ ಬದಿಯಲ್ಲಿ ಹೆಚ್ಚಿದ್ದರೆ ರಸ್ತೆಯನ್ನು ಇನ್ನೊಂದು ಬದಿಗೆ ಮಾತ್ರ ಅಗಲ ಮಾಡುವುದು. ಒಂದೇ ಬದಿಯ ಅಗಲೀಕರಣ ಹೊಸ ವಿದ್ಯೆಯಲ್ಲ, ನಮಗೆ ಪಾಠದಲ್ಲೇ ಇದೆ. ಆ ಬದಿಯಲ್ಲಿ ಜಮೀನು ಹೆಚ್ಚು ಬೇಕಾಗುತ್ತದೆ, ಅದರ ಖರ್ಚನ್ನೂ ಹಳೆಯ ಮರದ ಬೆಲೆಯನ್ನೂ ಎದುರೆದುರು ಇಟ್ಟು ತೂಗಬಹುದು. ಇವತ್ತು ತಕ್ಕಡಿಯ ಒಂದು ತಟ್ಟೆ ಖಾಲಿಯಿದೆ. ಎರಡನೆಯದು, ಕಡಿಯಲೇಬೇಕಾದ ಪೊಟರೆಯ ಮರವನ್ನು ಜನವರಿಯಿಂದ ಏಪ್ರಿಲ್‌ವರೆಗೆ ಮುಟ್ಟದಿರುವುದು. ಮರ ತೆಗೆಯುವ ಕೆಲಸವನ್ನು ಮಳೆಗಾಲ ಮುಗಿದ ಕೂಡಲೇ ಮಾಡಿಟ್ಟುಕೊಂಡರೆ ಮಾರ್ಚ್ ಬಿಲ್ಲಿಗೂ ಅಡ್ಡಿಯಿಲ್ಲ. ಮೂರನೆಯದು, ಬದಲಿ ಸಸಿಯ ಜೊತೆಗೆ ಹತ್ತಿರದ ಉಳಿದ ಮರಗಳಲ್ಲಿ ಗೂಡಿನ ಪೆಟ್ಟಿಗೆ ಕಟ್ಟುವುದು, ಸಸಿ ಅಜ್ಜನಾಗುವವರೆಗೆ.

ನಮ್ಮಂಥ ವಿದ್ಯಾರ್ಥಿಗಳಿಗೂ ಕೆಲಸವಿದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಊರಿನ ಪೊಟರೆಯ ಮರಗಳನ್ನು ಆ ದಾಖಲೆಗೆ ಸೇರಿಸಲು ಯಾರ ಅಪ್ಪಣೆಗೂ ಕಾಯಬೇಕಿಲ್ಲ. ಮೊಬೈಲಿನಲ್ಲಿ ಜಾಗ ಗುರುತಿಸಿ, ಫೋಟೊ ತೆಗೆದು, ಪಂಚಾಯಿತಿಗೆ ಒಂದು ಪಟ್ಟಿ ಕೊಟ್ಟರೆ ಆಯಿತು. ಮರಿ ಕದಿಯುವವರಿಗೆ ದಾರಿ ತೋರಿಸಿದಂತಾಗಬಾರದು, ಹಾಗಾಗಿ ಫೇಸ್‌ಬುಕ್ಕಿಗೆ ಹಾಕುವುದು ಮಾತ್ರ ಬೇಡ. ನಾಳೆ 50ಕ್ಕಿಂತ ಹೆಚ್ಚು ಮರಗಳಿಗೆ ಆಕ್ಷೇಪಣೆ ಕರೆದಾಗ 'ಮರ ಕಡಿಯಬೇಡಿ' ಎಂದು ಕೂಗುವುದಕ್ಕಿಂತ, 'ಇಂತಿಂಥ ನಂಬರಿನ ಮರಗಳಲ್ಲಿ ಗೂಡಿದೆ' ಎಂದು ಕಾಗದ ಕೊಡುವುದಕ್ಕೆ ತೂಕ ಹೆಚ್ಚು.

ರಜೆಯ ಕೊನೆಯ ಎರಡು ದಿನ ನಾನೂ ಮುತ್ಯಾನೂ ಆ ಪಟ್ಟಿ ಶುರು ಮಾಡಿದೆವು. ಅವರು ಕೋಲೂರಿಕೊಂಡು ಮುಂದೆ, ನಾನು ನೋಟ್‌ಬುಕ್ ಹಿಡಿದು ಹಿಂದೆ. ಊರ ಸುತ್ತ ಅರ್ಧ ದಿನ ನಡೆದರೂ ಪೊಟರೆಯ ಮರಗಳನ್ನು ಎಣಿಸಲು ಎರಡು ಕೈಯ ಬೆರಳು ಸಾಕಾದವು. ಕೊನೆಯದು ನಮ್ಮದೇ ಹೊಲದ ಬದುವಿನ ಬೇವು. ಅರ್ಧ ಒಣಗಿದೆ ಎಂದು ಅದನ್ನು ಕಟ್ಟಿಗೆ ವ್ಯಾಪಾರಿಗೆ ಮಾರುವ ಮಾತು ಮನೆಯಲ್ಲಿ ನಡೆದಿತ್ತು. ಒಣ ಕೊಂಬೆಯಲ್ಲಿ ಯಾವುದೋ ಹಕ್ಕಿ ಹೊಸದಾಗಿ ಕೊರೆದ ದುಂಡು ತೂತಿತ್ತು. ಕೆಳಗೆ ಮರದ ಪುಡಿ ಬಿದ್ದಿತ್ತು.

"ಹಸಿ ಗಿಡ ಇರಲಿ, ಒಣ ಟೊಂಗಿ ಅಷ್ಟ ಕಡಸೂಣು" ಎಂದರು ಮುತ್ಯಾ.

"ಮುತ್ಯಾ, ಒಣ ಟೊಂಗೀನ ಬೇಕು" ಎಂದೆ.

ಅವರು ಸ್ವಲ್ಪ ಹೊತ್ತು ಆ ತೂತನ್ನೇ ನೋಡಿದರು. ಆಮೇಲೆ ನಕ್ಕರು. "ಎಂಜಿನಿಯರ್ ಕಲ್ಯಾಕ ಹೋಗಿ ಒಣ ಟೊಂಗಿ ಕಾಯಾಕ ಬಂದಿ ನೋಡ" ಎಂದು ಹೇಳಿ ಮನೆಯ ಕಡೆ ಹೊರಟರು. ಬೇವು ಈ ವರ್ಷ ಮಾರಲಿಲ್ಲ.